ಶಾಸಕನ ಬಾಳು, ಕಾದಂಬರಿಕಾರನ ಕಣ್ಣು

ಕನ್ನಡ ಸಾಹಿತ್ಯದಲ್ಲಿ ಅರಸರ ಚರಿತ್ರೆಗೆ ಕೊರತೆಯಿಲ್ಲ. ಪಂಪನು ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡನು. ರನ್ನನು ಸತ್ಯಾಶ್ರಯನನ್ನು ಭೀಮನಲ್ಲಿ ಕಂಡನು. ಭಕ್ತರ ಬಾಳಿಗೂ ಕೊರತೆಯಿಲ್ಲ; ಹರಿಹರನ ರಗಳೆಗಳೇ ಅದಕ್ಕೆ ಸಾಕ್ಷಿ. ಊರಿಗಾಗಿ, ತುರುವಿಗಾಗಿ ಮಡಿದ ಅಜ್ಞಾತ ವೀರನಿಗೂ ನಮ್ಮ ನಾಡು ಒಂದು ಕಲ್ಲು ನಿಲ್ಲಿಸಿದೆ. ಆದರೆ ಪ್ರಜಾಪ್ರಭುತ್ವವು ಬಂದ ಮೇಲೆ ಹುಟ್ಟಿದ ಒಬ್ಬ ಹೊಸ ಮನುಷ್ಯನಿದ್ದಾನೆ. ಅವನು ಅರಸನಲ್ಲ, ಸಂತನಲ್ಲ, ಯೋಧನೂ ಅಲ್ಲ. ಜನ ಚೀಟಿ ಹಾಕಿ ಅವನನ್ನು ಸಭೆಗೆ ಕಳಿಸುತ್ತಾರೆ. ಐದು ವರ್ಷಕ್ಕೊಮ್ಮೆ ಅವನ ಲೆಕ್ಕ ಕೇಳುತ್ತಾರೆ. ಬೇಡವೆನಿಸಿದರೆ ಮನೆಗೆ ಕಳಿಸುತ್ತಾರೆ. ಈ ಶಾಸಕನ ಬಾಳನ್ನು ಬರೆಯುವ ಬಗೆ ಯಾವುದು? ಅರವತ್ತು ತುಂಬಿದಾಗ ಒಂದು ಅಭಿನಂದನ ಗ್ರಂಥ, ತೀರಿಕೊಂಡಾಗ ಒಂದು ಸಂತಾಪ ಸೂಚನೆ: ಸಾಮಾನ್ಯವಾಗಿ ನಾವು ಅಷ್ಟರಲ್ಲೇ ತೃಪ್ತರಾಗಿದ್ದೇವೆ.

ಇದಕ್ಕೆ ಒಂದು ದೊಡ್ಡ ಅಪವಾದವುಂಟು. ಅದು ಶಾಂತವೇರಿ ಗೋಪಾಲಗೌಡರದು. ಕನ್ನಡದ ನವ್ಯ ಬರಹಗಾರರನ್ನು ಅವರಷ್ಟು ಕಾಡಿದ ಇನ್ನೊಬ್ಬ ಶಾಸಕನಿಲ್ಲ. ಅವರು ತೀರಿಕೊಂಡಾಗ ಗೋಪಾಲಕೃಷ್ಣ ಅಡಿಗರು ‘ಶಾಂತವೇರಿಯ ಅಶಾಂತ ಸಂತ’ ಎಂಬ ಕವನ ಬರೆದರು. 1978ರಲ್ಲಿ ಬಂದ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯ ನಾಯಕ ಕೃಷ್ಣಪ್ಪಗೌಡನ ಹಿಂದೆ ಗೋಪಾಲಗೌಡರ ನೆರಳಿದೆಯೆಂಬುದು ಓದುವವರೆಲ್ಲ ಬಲ್ಲ ಮಾತು. 1987ರಲ್ಲಿ ಕೃಷ್ಣ ಮಾಸಡಿಯವರು ಅದನ್ನು ಚಲನಚಿತ್ರ ಮಾಡಿದಾಗ ಅನಂತನಾಗ್ ಆ ಪಾತ್ರವನ್ನು ವಹಿಸಿದರು. ಹೀಗಾಗಿ ಇಂದಿನ ಅನೇಕ ಓದುಗರಿಗೆ ಗೋಪಾಲಗೌಡರೆಂದರೆ ಕೃಷ್ಣಪ್ಪ, ಕೃಷ್ಣಪ್ಪನೆಂದರೆ ಗೋಪಾಲಗೌಡರು. ನನ್ನ ತರಗತಿಯ ವಿದ್ಯಾರ್ಥಿಗಳಲ್ಲಿಯೂ ಈ ಬೆಸುಗೆಯನ್ನು ಬಿಡಿಸುವುದು ಸುಲಭವಲ್ಲ. ಬಿಡಿಸಬೇಕಾದದ್ದು ಏಕೆ, ಬಿಡಿಸಿದರೆ ಕೈಗೆ ಏನು ಸಿಗುತ್ತದೆ ಎಂಬುದೇ ಪ್ರಕೃತ ಲೇಖನದ ವಿಷಯ.

ಮೊದಲು ಬಾಳಿನ ಸ್ಥೂಲ ರೇಖೆಯನ್ನು ನೋಡೋಣ. ಗೋಪಾಲಗೌಡರು 1923ರ ಮಾರ್ಚ್ 14ರಂದು ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯಲ್ಲಿ ಸೆರೆಮನೆ ಕಂಡರು. ಸ್ವಾತಂತ್ರ್ಯ ಬಂದ ಮೇಲೆ ಬಹುಮಂದಿ ಕಾಂಗ್ರೆಸ್ಸಿನ ನೆರಳನ್ನು ಸೇರಿದರೆ ಅವರು ಸಮಾಜವಾದಿ ಪಕ್ಷದ ಬಿಸಿಲನ್ನು ಆರಿಸಿಕೊಂಡರು. 1952ರಲ್ಲಿ ನಡೆದ ಮೊದಲ ಮಹಾಚುನಾವಣೆಯಲ್ಲಿ, ಇನ್ನೂ ಮೂವತ್ತು ತುಂಬದ ವಯಸ್ಸಿನಲ್ಲಿ, ಸಾಗರ-ಹೊಸನಗರದಿಂದ ಮೈಸೂರು ವಿಧಾನ ಸಭೆಗೆ ಆಯ್ಕೆಯಾದರು. 1957ರಲ್ಲಿ ಸೋತರು. 1962ರಲ್ಲಿಯೂ 1967ರಲ್ಲಿಯೂ ತೀರ್ಥಹಳ್ಳಿಯಿಂದ ಗೆದ್ದು ಬಂದರು. 1971ರಲ್ಲಿ ವೀರೇಂದ್ರ ಪಾಟೀಲರ ಸರಕಾರ ಉರುಳಿ ವಿಧಾನ ಸಭೆಯೇ ವಿಸರ್ಜನೆಯಾಯಿತು. 1972ರ ಜೂನ್ 9ರಂದು ಗೋಪಾಲಗೌಡರು ತೀರಿಕೊಂಡರು. ಆಗ ಅವರಿಗೆ ಐವತ್ತೂ ಆಗಿರಲಿಲ್ಲ. ಮಂತ್ರಿಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಲೌಕಿಕದ ಲೆಕ್ಕದಲ್ಲಿ ಇದು ಸೋತ ಬಾಳು.

ಚುನಾವಣೆಗೆ ನಿಂತಾಗ ಅವರು ಜನರಲ್ಲಿ ಕೇಳುತ್ತಿದ್ದುದು ‘ಒಂದು ಓಟು, ಒಂದು ನೋಟು’. ಈ ಮಾತನ್ನು ಇಂದು ನಾವು ಒಂದು ಸೊಗಸಾದ ಪ್ರಾಸವಾಗಿ ನೆನೆಯುತ್ತೇವೆ. ಸ್ವಲ್ಪ ನಿಂತು ಯೋಚಿಸಿದರೆ ಅದರ ಅರ್ಥ ತಿಳಿಯುತ್ತದೆ. ಓಟು ಕೊಟ್ಟವನು ಐದು ವರ್ಷ ಮರೆಯಬಹುದು; ತನ್ನ ಬಡತನದ ಗಂಟಿನಿಂದ ಒಂದು ರೂಪಾಯಿ ತೆಗೆದುಕೊಟ್ಟವನು ಮರೆಯಲಾರ. ಕೊಟ್ಟವನಿಗೆ ಕೇಳುವ ಹಕ್ಕು ಬರುತ್ತದೆ. ಪಡೆದವನಿಗೆ ಉತ್ತರ ಹೇಳುವ ಹೊಣೆ ಬರುತ್ತದೆ. ಮತದಾರನನ್ನು ಯಾಚಕನ ಸ್ಥಾನದಿಂದ ಎತ್ತಿ ದಾನಿಯ ಸ್ಥಾನದಲ್ಲಿ ಕೂರಿಸಿದ ಉಪಾಯವದು. ಹಣವು ಅಭ್ಯರ್ಥಿಯ ಕೈಯಿಂದ ಮತದಾರನ ಕೈಗೆ ಹರಿಯುವ ಕಾಲದಲ್ಲಿ ಬಾಳುತ್ತಿರುವ ನಮಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ಗೋಪಾಲಗೌಡರ ಹೆಸರು ಮಲೆನಾಡಿನ ಹೊರಗೆ ಕೇಳಿಬಂದದ್ದು ಕಾಗೋಡು ಸತ್ಯಾಗ್ರಹದಿಂದ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಬಹುಮಟ್ಟಿಗೆ ದೀವರು. ಅವರು ಒಡೆಯರಿಗೆ ಅಳೆದುಕೊಡಬೇಕಾಗಿದ್ದ ಭತ್ತದ ಕೊಳಗವು ಇರಬೇಕಾದ ಅಳತೆಗಿಂತ ದೊಡ್ಡದಾಗಿತ್ತೆಂಬುದು ತಕರಾರು. ಕೊಳಗ ಎಷ್ಟು ದೊಡ್ಡದಾದರೆ ಗೇಣಿಯೂ ಅಷ್ಟು ಹೆಚ್ಚು. ಕಾಗದದ ಮೇಲೆ ಮಾತ್ರ ಲೆಕ್ಕ ಸರಿ! ಎಚ್. ಗಣಪತಿಯಪ್ಪನವರು ರೈತ ಸಂಘವನ್ನು ಕಟ್ಟಿ ಈ ಪ್ರಶ್ನೆಯನ್ನು ಎತ್ತಿದರು. 1951ರ ಏಪ್ರಿಲಿನಲ್ಲಿ ಗೇಣಿದಾರರು ಗದ್ದೆಗಿಳಿದು ಸೆರೆಮನೆಗೆ ಹೋಗತೊಡಗಿದರು. ಸಮಾಜವಾದಿ ಪಕ್ಷ ಬೆಂಬಲಕ್ಕೆ ನಿಂತಿತು. ಗೋಪಾಲಗೌಡರು ಚಳವಳಿಯ ಮುಂದಾಳಾದರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಸೆರೆಯಾದಾಗ ಮಲೆನಾಡಿನ ಒಂದು ಹಳ್ಳಿಯ ಕೊಳಗದ ಜಗಳ ದೇಶದ ಸುದ್ದಿಯಾಯಿತು.

ಸತ್ಯಾಗ್ರಹ ಕೂಡಲೆ ಗೆಲ್ಲಲಿಲ್ಲ. ಗೇಣಿದಾರರಿಗೆ ಗದ್ದೆ ಮರಳಿ ಬರಲಿಲ್ಲ. ಹಸಿವು ಬಂತು, ಮೊಕದ್ದಮೆ ಬಂತು. ಮುಂದೆ 1961ರಲ್ಲಿ ಭೂಸುಧಾರಣೆಯ ಕಾಯಿದೆಯಾಯಿತು. 1965ರಲ್ಲಿ ಜಾರಿಗೆ ಬಂತು. ಅದರಲ್ಲಿ ಒಡೆಯರಿಗೆ ನುಸುಳಲು ಹಲವು ಕಂಡಿಗಳಿದ್ದವು. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚಿನಿಂದ ಜಾರಿಗೆ ಬಂದ ತಿದ್ದುಪಡಿಯೇ ಉಳುವವನಿಗೆ ಭೂಮಿ ಕೊಡಿಸಿದ್ದು. ಕಾಗೋಡಿನ ಗದ್ದೆಗಿಳಿದ ದಿನಕ್ಕೂ ಈ ದಿನಕ್ಕೂ ನಡುವೆ ಇಪ್ಪತ್ತಮೂರು ವರ್ಷ. ಗೋಪಾಲಗೌಡರು ತೀರಿಕೊಂಡು ಎರಡು ವರ್ಷವೂ ತುಂಬಿರಲಿಲ್ಲ. ಈ ಇಪ್ಪತ್ತಮೂರು ವರ್ಷಗಳ ಅಂತರವೇ, ನನ್ನ ದೃಷ್ಟಿಯಲ್ಲಿ, ಒಬ್ಬ ಶಾಸಕನ ಬಾಳಿನ ನಿಜವಾದ ಕಥಾವಸ್ತು. ಅದನ್ನು ಹಿಡಿಯುವ ಬರಹಗಾರ ಇನ್ನೂ ಬಂದಿಲ್ಲ.

ಸಾಹಿತಿಗಳಿಗೆ ಈ ಮನುಷ್ಯ ಏಕೆ ಇಷ್ಟು ಪ್ರಿಯನಾದ? ಕಾರಣ ಕೇವಲ ಸ್ನೇಹವಲ್ಲ. ಅನಂತಮೂರ್ತಿಯವರು ತೀರ್ಥಹಳ್ಳಿ ತಾಲ್ಲೂಕಿನವರೇ. ಅಡಿಗರು 1964ರಿಂದ 1968ರವರೆಗೆ ಸಾಗರದ ಕಾಲೇಜಿನಲ್ಲಿ ಪ್ರಾಚಾರ್ಯರಾಗಿದ್ದರು. ಪೂರ್ಣಚಂದ್ರ ತೇಜಸ್ವಿಯವರು ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತಮ್ಮನ್ನು ರೂಪಿಸಿದವರನ್ನು ನೆನೆಯುವಾಗ ಕುವೆಂಪು ಮತ್ತು ಕಾರಂತರ ಜೊತೆಗೆ ಲೋಹಿಯಾರನ್ನೂ ನೆನೆದರು. ನವ್ಯರು ಹಳೆಯ ನಂಬಿಕೆಗಳನ್ನೆಲ್ಲ ಪ್ರಶ್ನಿಸುತ್ತಿದ್ದ ಕಾಲದಲ್ಲಿ, ಜಾತಿಯನ್ನೂ ಭೂಮಿಯನ್ನೂ ಭಾಷೆಯನ್ನೂ ಒಟ್ಟಿಗೆ ಪ್ರಶ್ನಿಸುವ ರಾಜಕಾರಣವೊಂದು ಕಣ್ಣೆದುರಿಗೆ ನಡೆದಾಡುತ್ತಿತ್ತು. ಅದೂ ಮಲೆನಾಡಿನ ಕನ್ನಡದಲ್ಲಿ ಮಾತಾಡುತ್ತ, ಸಾಹಿತ್ಯವನ್ನು ಓದುತ್ತ, ಸಾಹಿತಿಗಳೊಡನೆ ಸರಿರಾತ್ರಿಯವರೆಗೆ ಹರಟುತ್ತ. ಅಂಥವನಲ್ಲಿ ಕವಿ ತನ್ನ ಪ್ರತಿಬಿಂಬವನ್ನು ಕಂಡರೆ ಆಶ್ಚರ್ಯವೇನು?

ಆದರೆ ಪ್ರತಿಬಿಂಬಕ್ಕೆ ಒಂದು ದೋಷವುಂಟು. ನೋಡುವವನಿಗೆ ಅದರಲ್ಲಿ ತನ್ನ ಮುಖ ಹೆಚ್ಚು ಕಾಣುತ್ತದೆ. ಕನ್ನಡಿ ಕಡಮೆ ಕಾಣುತ್ತದೆ.

‘ಅವಸ್ಥೆ’ಯನ್ನು ತೆಗೆದುಕೊಳ್ಳೋಣ. ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದ ವಿರೋಧ ಪಕ್ಷದ ಮುಂದಾಳು ಕೃಷ್ಣಪ್ಪಗೌಡ ತನ್ನ ಬಾಳನ್ನು ನೆನೆಯುತ್ತಾನೆ. ದನ ಕಾಯುತ್ತಿದ್ದ ಹುಡುಗನಲ್ಲಿ ತೇಜಸ್ಸನ್ನು ಗುರುತಿಸಿದ ಮಹೇಶ್ವರಯ್ಯ, ಕ್ರಾಂತಿಯ ದೀಕ್ಷೆ ಕೊಟ್ಟ ಅಣ್ಣಾಜಿ, ಕಾಲೇಜು ದಿನಗಳ ಗೌರಿ, ವಾರಂಗಲ್ ಪೋಲೀಸ್ ಠಾಣೆಯ ಹಿಂಸೆ, ಸಂಸಾರದ ಚಿಂತೆಯಲ್ಲಿ ಬೇಯುವ ಸೀತೆ, ಉಪಕಾರ ಮಾಡುತ್ತಲೇ ಬಲೆ ನೇಯುವ ವೀರಣ್ಣ, ಕೊನೆಯಲ್ಲಿ ಪಕ್ಷಾಂತರದ ಬಲದಿಂದ ಕೈಗೆಟುಕುವಂತೆ ತೋರುವ ಅಧಿಕಾರ: ಇವೆಲ್ಲ ಒಂದರ ಮೇಲೊಂದು ಬಂದು ಅವನ ಆತ್ಮಪರೀಕ್ಷೆಯಾಗುತ್ತವೆ. ನಿಶ್ಚಲವಾದ ದೇಹ, ಚಂಚಲವಾದ ಮನಸ್ಸು; ಈ ವೈದೃಶ್ಯವನ್ನು ಅನಂತಮೂರ್ತಿಯವರು ಬಹು ಸಮರ್ಥವಾಗಿ ಬಳಸಿದ್ದಾರೆ. ಅಭಿಮಾನಿಯೇ ಹೇಗೆ ಭ್ರಷ್ಟತೆಯ ಬಾಗಿಲಾಗಬಲ್ಲನೆಂಬುದನ್ನು, ಸಣ್ಣ ಸಣ್ಣ ಅನುಕೂಲಗಳು ಹೇಗೆ ದೊಡ್ಡ ಮನುಷ್ಯನನ್ನು ಕಟ್ಟಿಹಾಕುತ್ತವೆಂಬುದನ್ನು ಕನ್ನಡದಲ್ಲಿ ಇಷ್ಟು ಸೂಕ್ಷ್ಮವಾಗಿ ಬೇರಾರೂ ಹೇಳಿಲ್ಲ. ನಾಯಕನ ಸಿಟ್ಟನ್ನೂ ಅಹಂಕಾರವನ್ನೂ ಮುಚ್ಚಿಡದೆ ತೋರಿಸಿರುವುದು ಕೃತಿಯ ಪ್ರಾಮಾಣಿಕತೆಗೆ ಸಾಕ್ಷಿ. ಇದು ನಮ್ಮ ಶ್ರೇಷ್ಠ ರಾಜಕೀಯ ಕಾದಂಬರಿಗಳಲ್ಲಿ ಒಂದು ಎಂಬುದರಲ್ಲಿ ಸಂದೇಹವಿಲ್ಲ.

ಇಷ್ಟನ್ನು ಒಪ್ಪಿದ ಮೇಲೂ ಮೂರು ಆಕ್ಷೇಪಗಳು ಉಳಿಯುತ್ತವೆ.

ಮೊದಲನೆಯದು ಕಾಲಕ್ಕೆ ಸಂಬಂಧಿಸಿದ್ದು. ಗೋಪಾಲಗೌಡರು 1972ರಲ್ಲಿ ತೀರಿಕೊಂಡರು. ಅವರು ತುರ್ತುಪರಿಸ್ಥಿತಿಯನ್ನು ಕಾಣಲಿಲ್ಲ. 1977ರ ಜನತಾ ಸಂಭ್ರಮವನ್ನೂ ಕಾಣಲಿಲ್ಲ. ಅದರ ಬೆನ್ನಿಗೇ ಬಂದ ಹತಾಶೆಯನ್ನೂ ಕಾಣಲಿಲ್ಲ. ‘ಅವಸ್ಥೆ’ ಬಂದುದು 1978ರಲ್ಲಿ. ಕೃಷ್ಣಪ್ಪನ ಬಾಯಲ್ಲಿರುವ ಕಹಿ ಬಹುಮಟ್ಟಿಗೆ ಆ ವರ್ಷಗಳ ಕಹಿ. ಪಕ್ಷಾಂತರದ ಪಿಡುಗು 1967ರಿಂದಲೇ ದೇಶದಲ್ಲಿ ಹಬ್ಬಿತ್ತು. ಗೋಪಾಲಗೌಡರು ಅದನ್ನು ಕಂಡಿದ್ದರು, ನಿಜ. ಆದರೂ ಸತ್ತವನ ಹೆಗಲ ಮೇಲೆ ಬದುಕಿದವರ ನಿರಾಶೆಯನ್ನು ಹೊರಿಸಿದಾಗ, ಓದುಗನಿಗೆ ಆ ಹೊರೆ ಯಾರದೆಂಬುದು ತಿಳಿಯದೆ ಹೋಗುವ ಅಪಾಯವಿದೆ.

ಎರಡನೆಯದು ಇನ್ನೂ ಮುಖ್ಯವಾದುದು. ಕಾದಂಬರಿಗೆ ರಾಜಕಾರಣವೆಂದರೆ ಪಾವಿತ್ರ್ಯ ಮತ್ತು ಪತನಗಳ ಪ್ರಶ್ನೆ. ನಾಯಕ ಕೆಟ್ಟನೆ, ಕೆಡದೆ ಉಳಿದನೆ? ರಾಜೀನಾಮೆ ಕೊಟ್ಟನೆ, ಕುರ್ಚಿ ಹಿಡಿದನೆ? ಇದು ಆತ್ಮದ ನಾಟಕ. ಬ್ರಾಹ್ಮಣ ಅಗ್ರಹಾರದ ಪ್ರಾಣೇಶಾಚಾರ್ಯನ ತೊಳಲಾಟವನ್ನು ‘ಸಂಸ್ಕಾರ’ದಲ್ಲಿ ಚಿತ್ರಿಸಿದ ಲೇಖಣಿಗೆ ಇದು ಸಹಜವೂ ಹೌದು. ಆದರೆ ಶಾಸಕನ ದಿನದ ಕೆಲಸ ಅಲ್ಲಿ ಕಾಣುವುದಿಲ್ಲ. ಮಸೂದೆಯ ಒಂದು ಖಂಡದ ಮೇಲೆ ತಿದ್ದುಪಡಿ ತರುವುದು, ಅದು ಬಿದ್ದುಹೋಗುವುದನ್ನು ನೋಡುವುದು, ಮತ್ತೊಂದು ಅಧಿವೇಶನದಲ್ಲಿ ಮತ್ತೆ ತರುವುದು; ಆಯವ್ಯಯದ ಅಂಕಿಗಳಲ್ಲಿ ತನ್ನ ಮಲೆನಾಡಿನ ಗೇಣಿದಾರನನ್ನು ಹುಡುಕುವುದು; ಸಚಿವನ ಉತ್ತರದಲ್ಲಿ ಇಲ್ಲದ್ದನ್ನು ಎತ್ತಿ ತೋರಿಸುವುದು; ಏಳೆಂಟು ಮಂದಿಯ ಪಕ್ಷವಿಟ್ಟುಕೊಂಡು ಬಹುಮತದ ಗೋಡೆಗೆ ಮಾತನ್ನು ಎಸೆಯುತ್ತಲೇ ಇರುವುದು. ಇದರಲ್ಲಿ ಮಹಾಪತನವೂ ಇಲ್ಲ, ಮಹೋನ್ನತಿಯೂ ಇಲ್ಲ. ಅದೇ ಅದರ ಘನತೆ. ರಾಜ್ಯಕ್ಕೆ ‘ಕರ್ನಾಟಕ’ವೆಂಬ ಹೆಸರು ಬರಬೇಕೆಂದು ಗೋಪಾಲಗೌಡರು ವಾದಿಸಿದರು, ಆಡಳಿತ ಕನ್ನಡದಲ್ಲಿ ನಡೆಯಬೇಕೆಂದು ವಾದಿಸಿದರು. ಹೆಸರು ಬಂದುದು 1973ರ ನವೆಂಬರ್ 1ರಂದು, ಅವರು ಹೋದ ಮರುವರ್ಷ. ಭೂಮಿಯ ವಿಷಯದಲ್ಲಿಯೂ ಹೀಗೆಯೇ ಆಯಿತೆಂಬುದನ್ನು ಮೇಲೆ ಕಂಡೆವು. ಗೆದ್ದ ವಾದಗಳನ್ನು ಕೇಳಲು ವಾದಿಯಿರಲಿಲ್ಲ! ಇಂಥ ಬಾಳನ್ನು ‘ಪತನ’ದ ಅಳತೆಯಲ್ಲಿ ಅಳೆಯುವುದೆಂದರೆ ಅದೂ ಒಂದು ದೊಡ್ಡ ಕೊಳಗದಲ್ಲಿ ಅಳೆದಂತೆಯೇ ಸರಿ.

ಮೂರನೆಯದು ಸೀತೆಯ ವಿಷಯ. ಪ್ರಾಮಾಣಿಕ ರಾಜಕಾರಣಕ್ಕೆ ಒಂದು ಬೆಲೆಯುಂಟು. ಆ ಬೆಲೆಯನ್ನು ಕೊಡುವವರು ಹೆಚ್ಚಾಗಿ ಮನೆಯೊಳಗಿನವರು. ಅಂಗಡಿಯ ಬಾಕಿ, ಮಗುವಿನ ಔಷಧಿ, ವೇಳೆಯಿಲ್ಲದ ವೇಳೆಯಲ್ಲಿ ಬಂದು ಕೂರುವ ಹತ್ತು ಮಂದಿಗೆ ಕಾಫಿ: ಈ ಚಿಂತೆಗಳು ಕಾದಂಬರಿಯಲ್ಲಿ ಬಹುವಾಗಿ ಸೀತೆಯ ಸಣ್ಣತನವಾಗಿ ಕಾಣುತ್ತವೆ, ಕೃಷ್ಣಪ್ಪನ ಔನ್ನತ್ಯಕ್ಕೆ ಅಡ್ಡಿಯಾಗಿ ಕಾಣುತ್ತವೆ. ಗಂಡನ ತತ್ತ್ವದ ಲೆಕ್ಕವನ್ನು ಹೆಂಡತಿ ಅಕ್ಕಿಯ ಡಬ್ಬಿಯಲ್ಲಿ ನೋಡಬೇಕಾಗುತ್ತದೆಯೆಂಬುದು ಸಣ್ಣತನವೆ? ಕೃಷ್ಣಪ್ಪನ ಆತ್ಮಪರೀಕ್ಷೆಯ ನ್ಯಾಯಾಲಯದಲ್ಲಿ ಸೀತೆಗೆ ಸಾಕ್ಷಿ ಹೇಳುವ ಅವಕಾಶವನ್ನೇ ಕೊಟ್ಟಿಲ್ಲವೆಂದು ನನಗೆ ತೋರುತ್ತದೆ.

ಇದಕ್ಕೆ ಒಂದು ಉತ್ತರ ಸಿದ್ಧವಾಗಿದೆ. ‘ಕಾದಂಬರಿ ಜೀವನಚರಿತ್ರೆಯಲ್ಲ; ಕಲೆಗಾರನು ಬಾಳಿನಿಂದ ತನಗೆ ಬೇಕಾದುದನ್ನು ಮಾತ್ರ ಎತ್ತಿಕೊಳ್ಳುತ್ತಾನೆ; ಕೃಷ್ಣಪ್ಪನನ್ನು ಗೋಪಾಲಗೌಡರೆಂದು ಓದುವುದು ಓದುಗನ ತಪ್ಪು.’ ಈ ಮಾತು ಸರಿ. ವಾರಂಗಲ್ಲಿನ ಠಾಣೆಯನ್ನಾಗಲಿ ಅಣ್ಣಾಜಿಯನ್ನಾಗಲಿ ಶಾಂತವೇರಿಯಲ್ಲಿ ಹುಡುಕುವುದು ವ್ಯರ್ಥ. ಪಂಪನ ಅರ್ಜುನನನ್ನು ನೋಡಿ ಅರಿಕೇಸರಿಯ ಇತಿಹಾಸ ಬರೆಯಲಾಗದು. ಆದರೆ ಅರಿಕೇಸರಿಯ ವಿಷಯದಲ್ಲಿ ಶಾಸನಗಳೂ ಇವೆ. ಕಾವ್ಯ ಹಿಗ್ಗಿಸಿದ್ದನ್ನು ಶಾಸನ ಹಿಡಿದು ನಿಲ್ಲಿಸುತ್ತದೆ. ಶಾಸನ ಬಿಟ್ಟುದನ್ನು ಕಾವ್ಯ ತುಂಬುತ್ತದೆ. ನಮ್ಮ ಕಾಲದ ಶಾಸಕನ ವಿಷಯದಲ್ಲಿ ಓದುಗನ ಕೈಯಲ್ಲಿ ಕಾದಂಬರಿ ಮಾತ್ರ ಇದ್ದಾಗ, ಅದು ತಾನು ಬಯಸದಿದ್ದರೂ ಶಾಸನದ ಅಧಿಕಾರವನ್ನು ಪಡೆದುಬಿಡುತ್ತದೆ. ತಪ್ಪು ಕಾದಂಬರಿಕಾರನದಲ್ಲ; ಉಳಿದ ಕೆಲಸವನ್ನು ಮಾಡದೆ ಬಿಟ್ಟ ನಮ್ಮೆಲ್ಲರದು.

ಸ್ಮರಣೆಯ ಬರಹಗಳಾದರೂ ಈ ಕೊರತೆಯನ್ನು ತುಂಬಿವೆಯೆ? ಅಲ್ಲಿ ಇನ್ನೊಂದು ಅತಿರೇಕ. ಸಭೆ ಸಮಾರಂಭಗಳಲ್ಲಿ ಗೋಪಾಲಗೌಡರು ಸಂತರಾಗುತ್ತಾರೆ. ಅಡಿಗರು ತಮ್ಮ ಕವನದ ಹೆಸರಿನಲ್ಲಿ ‘ಸಂತ’ನೊಡನೆ ‘ಅಶಾಂತ’ವನ್ನೂ ಸೇರಿಸಿದ್ದರು, ರಾಜಕೀಯದಲ್ಲಿ ತಾವು ಬೇರೆ ದಾರಿ ಹಿಡಿದು, 1971ರಲ್ಲಿ ಜನಸಂಘದ ಬೆಂಬಲದಿಂದ ಲೋಕಸಭೆಗೆ ಸ್ಪರ್ಧಿಸಿದ್ದ ಕವಿ ಸಮಾಜವಾದಿ ಗೆಳೆಯನಿಗೆ ಸಲ್ಲಿಸಿದ ಗೌರವವದು. ಆ ಒಂದು ವಿಶೇಷಣದಲ್ಲಿ ಕವಿಯ ಎಚ್ಚರವಿದೆ. ಭಾಷಣಕಾರರು ‘ಅಶಾಂತ’ವನ್ನು ಬಿಟ್ಟು ‘ಸಂತ’ನನ್ನು ಮಾತ್ರ ಹಿಡಿದರು. ಸಂತನಿಗೆ ಕೈ ಮುಗಿಯಬಹುದು. ಅವನಿಂದ ಕಲಿಯಬೇಕಾಗಿಲ್ಲ, ಅವನೊಡನೆ ವಾದಿಸಬೇಕಾಗಿಲ್ಲ. ‘ಅವರೆಲ್ಲಿ, ನಾವೆಲ್ಲಿ’ ಎಂದು ನಿಟ್ಟುಸಿರಿಟ್ಟು ಮನೆಗೆ ಹೋಗುವುದು ಸುಲಭ. ಆ ನಿಟ್ಟುಸಿರಿನಷ್ಟು ಇಂದಿನ ಪುಢಾರಿಗೆ ಅನುಕೂಲವಾದುದು ಬೇರೊಂದಿಲ್ಲ.

ಇತಿಹಾಸದ ಕಡೆಯಿಂದ ಒಂದು ಒಳ್ಳೆಯ ಪ್ರಯತ್ನ ನಡೆದುದನ್ನು ಹೇಳದಿದ್ದರೆ ಅನ್ಯಾಯವಾದೀತು. ಜಿ. ರಾಜಶೇಖರ ಅವರ ‘ಕಾಗೋಡು ಸತ್ಯಾಗ್ರಹ’ ಎಂಬ ಪುಸ್ತಕ ನಮ್ಮ ಗಮನವನ್ನು ನಾಯಕನೊಬ್ಬನಿಂದ ಚಳವಳಿಯ ಕಡೆಗೆ ತಿರುಗಿಸುತ್ತದೆ. ಗದ್ದೆಗಿಳಿದವರು ಗೇಣಿದಾರರು, ಸೆರೆಮನೆ ತುಂಬಿದವರು ಅವರು, ಗದ್ದೆ ಕಳೆದುಕೊಂಡವರೂ ಅವರೇ. ಈ ಮಾತನ್ನು ನೆನಪಿನಲ್ಲಿಟ್ಟಾಗ ಗೋಪಾಲಗೌಡರ ಎತ್ತರವೇನೂ ಕಡಮೆಯಾಗುವುದಿಲ್ಲ. ಅವರು ನಿಂತ ನೆಲ ಕಾಣುತ್ತದೆ. ನೆಲ ಕಾಣದೆ ಎತ್ತರ ತಿಳಿಯುವುದಾದರೂ ಹೇಗೆ?

ಹಾಗಾದರೆ ಶಾಸಕನ ಬಾಳಿನ ಆಕರ ಎಲ್ಲಿದೆ? ವಿಧಾನ ಸಭೆಯ ನಡವಳಿಗಳಲ್ಲಿದೆ ಎಂಬುದು ನನ್ನ ನಂಬಿಕೆ. ಆ ದಪ್ಪ ಸಂಪುಟಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಮುಟ್ಟುವುದಿಲ್ಲ. ರಾಜ್ಯಶಾಸ್ತ್ರದವರು ಅಂಕಿ-ಅಂಶಕ್ಕಾಗಿ ಮಾತ್ರ ಮುಟ್ಟುತ್ತಾರೆ. ಆದರೆ ಇಪ್ಪತ್ತನೆಯ ಶತಮಾನದ ಕನ್ನಡ ಗದ್ಯವು ಬೆಳೆದ ಜಾಗಗಳಲ್ಲಿ ಅದೂ ಒಂದಲ್ಲವೆ? ಇಂಗ್ಲಿಷೇ ಗಂಭೀರ ಚರ್ಚೆಯ ಭಾಷೆಯೆಂದು ಅನೇಕರು ತಿಳಿದಿದ್ದ ಸಭೆಯಲ್ಲಿ ಕಾಯಿದೆಯ ಸೂಕ್ಷ್ಮವನ್ನು, ಗೇಣಿಯ ಲೆಕ್ಕವನ್ನು, ಸಿಟ್ಟನ್ನು, ವ್ಯಂಗ್ಯವನ್ನು ಕನ್ನಡದಲ್ಲಿ ಹೇಳಲು ಬರುತ್ತದೆಂದು ತೋರಿಸಿದವರು ಯಾರು? ಅದೇ ಶಿವಮೊಗ್ಗ ಸೀಮೆಯ ಸಮಾಜವಾದಿ ಜೆ. ಎಚ್. ಪಟೇಲರು 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆ ಧೈರ್ಯವು ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಅದರ ಹಿಂದೆ ಒಂದು ಶಾಲೆಯಿತ್ತು. ಆ ಶಾಲೆಯ ಹಿರಿಯರಲ್ಲಿ ಗೋಪಾಲಗೌಡರೂ ಒಬ್ಬರು. ಪಟೇಲರೂ ಬಂಗಾರಪ್ಪನವರೂ ಅದೇ ಸಮಾಜವಾದಿ ಅಂಗಳದಿಂದ ಬಂದು ಮುಂದೆ ಮುಖ್ಯಮಂತ್ರಿಗಳಾದರು. ಶಾಲೆ ಒಂದೇ ಆದರೂ ಮುಂದಿನ ದಾರಿಗಳು ಹೇಗೆ ಕವಲೊಡೆದವೆಂಬುದು ಯಾವ ಕಾದಂಬರಿಗೂ ಕಡಮೆಯಿಲ್ಲದ ಕಥೆ.

ನಮಗೆ ಇಂದು ಬೇಕಾಗಿರುವುದು ಇಂಥ ಒಂದು ಜೀವನಚರಿತ್ರೆ. ಅದರಲ್ಲಿ ಕಾಗೋಡಿನ ಕೊಳಗ ಎದುರಿಗಿರಬೇಕು. ಗೆದ್ದ ಮೂರು ಚುನಾವಣೆಗಳಷ್ಟೇ ಸೋತ ಚುನಾವಣೆಯೂ ಮುಖ್ಯವಾಗಿರಬೇಕು. ಏಕೆಂದರೆ 1957ರಿಂದ 1962ರವರೆಗೆ ಅಧಿಕಾರವೂ ವೇದಿಕೆಯೂ ಇಲ್ಲದ ಮಾಜಿ ಶಾಸಕನೊಬ್ಬ ಜನರ ನಂಬಿಕೆಯನ್ನು ಹೇಗೆ ಉಳಿಸಿಕೊಂಡನೆಂಬುದೇ ಅವನ ನಿಜವಾದ ಪರೀಕ್ಷೆ. ಬಿದ್ದುಹೋದ ತಿದ್ದುಪಡಿಗಳ ಪಟ್ಟಿಯಿರಬೇಕು. ಸಿಟ್ಟಿನಲ್ಲಿ ಆಡಿದ ಮಾತಿರಬೇಕು. ಮನೆಯ ಖರ್ಚಿನ ಚೀಟಿಯೂ ಇರಬೇಕು. ಅಂಥ ಪುಸ್ತಕ ಬಂದರೆ ‘ಅವಸ್ಥೆ’ಯ ಬೆಲೆ ಕುಗ್ಗುವುದಿಲ್ಲ, ಇತಿಹಾಸದ ಹೊರೆ ಇಳಿದು, ಅದನ್ನು ಕಾದಂಬರಿಯಾಗಿಯೇ ಓದುವ ಸ್ವಾತಂತ್ರ್ಯ ನಮಗೆ ಸಿಗುತ್ತದೆ.

ಇದು ಸಾಹಿತ್ಯದ ಒಳಜಗಳವೆಂದು ಓದುಗರು ಭಾವಿಸಬಾರದು. ಶಾಸಕರ ಬಗೆಗೆ ನಮ್ಮ ಮನಸ್ಸಿನಲ್ಲಿ ಎರಡೇ ಚಿತ್ರಗಳಿವೆ: ಹಿಂದಿನವರು ದೇವತೆಗಳು, ಇಂದಿನವರು ಕಳ್ಳರು. ಈ ಎರಡು ಚಿತ್ರಗಳ ನಡುವೆ ಮತದಾರನ ಹೊಣೆ ಮಾಯವಾಗುತ್ತದೆ. ದೇವತೆಯನ್ನು ನಾವು ಆರಿಸಲಿಲ್ಲ, ಅವನು ಇಳಿದು ಬಂದ. ಕಳ್ಳನನ್ನೂ ನಾವು ಆರಿಸಲಿಲ್ಲ, ಕಾಲವೇ ಹಾಗೆ! ಆದರೆ ಗೋಪಾಲಗೌಡರನ್ನು ಆರಿಸಿದವರು ಇದ್ದರು. ಅವರು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಗೇಣಿದಾರರು, ಕೂಲಿಗಳು, ಶಾಲಾ ಮೇಷ್ಟರು, ಸಣ್ಣ ಅಂಗಡಿಯವರು. ಅವರಲ್ಲಿ ಬಹುಮಂದಿಗೆ ಅಕ್ಷರವಿರಲಿಲ್ಲ. ಕೊಳಗ ಸರಿಯೋ ತಪ್ಪೋ ಎಂದು ಕೇಳುವ ವಿವೇಕವಿತ್ತು. ಒಂದು ಓಟಿನ ಜೊತೆಗೆ ಒಂದು ನೋಟನ್ನೂ ಕೊಟ್ಟು ಅವರು ಒಬ್ಬ ಶಾಸಕನನ್ನು ಮಾಡಿಕೊಂಡರು. ಅವನ ಬಾಳನ್ನು ಬರೆಯುವ ಲೇಖಕ ಆ ಮತದಾರರ ಬಾಳನ್ನೂ ಬರೆಯಬೇಕಾಗುತ್ತದೆ. ಕೆಲಸ ದೊಡ್ಡದು, ಆಗಬೇಕಾದುದು.